ಒಂದು ಪುಸ್ತಕ, ಇಬ್ಬರು ಮಕ್ಕಳು



ಮಕ್ಕಳ ಓದು-ಬರಹದ ಈ ಸಮಾವೇಶದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ.

ನಾವಿಂದು ಸೇರಿರುವ, ನನ್ನೇಶ್ವರನ ಗುಡಿಯಿರುವ ಈ ಹಿನಕಲ್ ಹಳೆಯ ಊರು. ಹುಣಸೂರು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವ ಜಾಗವಾಗಿ, ಹೆಬ್ಬಾಳು ಮತ್ತು ಹೂಟಗಳ್ಳಿಯ ಕೈಗಾರಿಕಾ ಪ್ರದೇಶಗಳ ನೆರೆಯಾಗಿ ಅದು ಬೆಳೆದಿದೆ. ಇಂಥ ಊರಿನ ತರಗತಿಯಲ್ಲಿ ತಲೆಮಾರುಗಳಿಂದ ಇಲ್ಲೇ ಇರುವವರ ಮಗುವಿನ ಪಕ್ಕದಲ್ಲಿ, ಕೆಲಸ ಅರಸಿ ನಿನ್ನೆ ಮೊನ್ನೆ ಬಂದವರ ಮಗುವೂ ಕೂರುತ್ತದೆ. ಪಕ್ಕದಲ್ಲಿ ಕೂತ ಮಾತ್ರಕ್ಕೆ ಗೆಳೆತನ ಹುಟ್ಟುವುದಿಲ್ಲ. ಅದನ್ನು ಹುಟ್ಟಿಸಲು ಶಾಲೆ ಏನು ಮಾಡಬಲ್ಲದು ಎಂಬುದೇ ಇಂದು ನನ್ನ ಮಾತಿನ ವಿಷಯ.

ನಾವು ಈವರೆಗೆ ಮಾಡಿರುವುದು ಹೆಚ್ಚಾಗಿ ಉಪದೇಶ. ‘ನನ್ನ ಆಪ್ತ ಗೆಳೆಯ’ ಎಂಬ ಪ್ರಬಂಧ ಬರೆಸುತ್ತೇವೆ. ಹಲಗೆಯ ಮೇಲಿನ ಹತ್ತು ವಾಕ್ಯಗಳನ್ನು ಮಕ್ಕಳೆಲ್ಲ ನಕಲು ಮಾಡುತ್ತಾರೆ. ಯಾರೂ ಆಟಕ್ಕೆ ಸೇರಿಸಿಕೊಳ್ಳದ ಮಗುವೂ ಆ ಹತ್ತು ವಾಕ್ಯ ಬರೆದು, ‘ಸರಿ’ ಗುರುತು ಹಾಕಿಸಿಕೊಂಡು ಒಂಟಿಯಾಗಿಯೇ ಮನೆಗೆ ಹೋಗುತ್ತದೆ. ಗೆಳೆತನದ ಬಗ್ಗೆ ಬರೆಸುವುದಕ್ಕಿಂತ ಇಬ್ಬರನ್ನು ಕೂಡಿಸಿ ಬರೆಸುವುದು ಮುಖ್ಯ.

ಇದಕ್ಕೆ ಬೇಕಾದ ದಾರಿ ನಮ್ಮ ಮೈಸೂರು ಜಿಲ್ಲೆಯಲ್ಲೇ ಇದೆ. ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರು, ಯೂನಿಸೆಫ್ ನೆರವಿನಿಂದ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಆರಂಭಿಸಿದರು. ಬೇರೆ ಬೇರೆ ತರಗತಿಯ ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕೂತರು. ಒಂದು ಗುಂಪಿಗೆ ಶಿಕ್ಷಕರ ನೆರವು, ಮತ್ತೊಂದಕ್ಕೆ ಸಹಪಾಠಿಗಳದೇ ನೆರವು. ಓದಲು ಬಂದ ಮಗು ಓದಲು ಬಾರದ ಮಗುವಿಗೆ ಹೇಳಿಕೊಡುವುದು ಅಲ್ಲಿ ದಯೆಯಲ್ಲ, ದಿನದ ಪಾಠದ ಒಂದು ಭಾಗ. ಈ ಪದ್ಧತಿಯನ್ನು ನಾವು ಕಲಿಕೆಯ ಹಂತ ತೋರುವ ಕಾರ್ಡು, ಏಣಿ, ಮೈಲಿಗಲ್ಲುಗಳ ಲೆಕ್ಕವಾಗಿ ಮಾತ್ರ ನೋಡಿದರೆ ಅದರ ಜೀವವನ್ನೇ ಕಳೆದುಕೊಳ್ಳುತ್ತೇವೆ.

ಹಾಗಾದರೆ ಏನನ್ನು ಓದಿಸೋಣ? ನನ್ನ ಮನಸ್ಸಿನಲ್ಲಿರುವುದು ಎರಡು ಪುಸ್ತಕ. ಮೈಸೂರಿನಲ್ಲಿ ಬಾಳಿದ ಕುವೆಂಪು ಅವರು ಬ್ರೌನಿಂಗ್ ಕವಿಯ ಕಥನವೊಂದನ್ನು ತುಂಗೆಯ ತೀರಕ್ಕೆ ತಂದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಾಗಿ ಬರೆದರು. ಇಲಿಗಳ ಗದ್ದಲಕ್ಕೆ ಮಕ್ಕಳು ನಗುತ್ತಾರೆ, ನಗಲಿ. ಆದರೆ ಕಿಂದರಿ ನುಡಿಸುವ ಜೋಗಿಯ ಹಿಂದೆ ಹೋದ ಮಕ್ಕಳೆಲ್ಲ ಬೆಟ್ಟದೊಳಗೆ ಸೇರಿದಾಗ ಕುಂಟನೊಬ್ಬ ಹೊರಗೆ ಉಳಿಯುತ್ತಾನೆ. ಅಲ್ಲಿ ಓದನ್ನು ನಿಲ್ಲಿಸಿ, ಇನ್ನು ಅವನು ಯಾರ ಜೊತೆ ಆಡಬೇಕು ಎಂದು ಕೇಳಿ. ಇಬ್ಬಿಬ್ಬರು ಸೇರಿ ಅವನಿಗೊಂದು ಕಾಗದ ಬರೆಯಲಿ.

ಎರಡನೆಯದು ಜಪಾನಿನ ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯದ ಶಾಲೆಯನ್ನು ನೆನೆದು ಬರೆದ ‘ತೊತ್ತೋಚಾನ್’. 1981ರಲ್ಲಿ ಪ್ರಕಟವಾದ ಈ ಪುಸ್ತಕ ಕನ್ನಡದಲ್ಲೂ ಇದೆ. ಪೋಲಿಯೊ ಆಗಿದ್ದ ಸಹಪಾಠಿಯನ್ನು ಪುಟ್ಟ ಹುಡುಗಿ ತೊತ್ತೋಚಾನ್ ಪಾಡುಪಟ್ಟು ತನ್ನ ಮರಕ್ಕೆ ಹತ್ತಿಸುತ್ತಾಳೆ. ಒಂದು ಕಥೆಯಲ್ಲಿ ಹಿಂದೆ ಉಳಿದ ಮಗು, ಇನ್ನೊಂದರಲ್ಲಿ ಮೇಲೆ ಹತ್ತಿದ ಮಗು. ಇವೆರಡನ್ನೂ ಒಂದೇ ವಾರದಲ್ಲಿ ಓದಿಸಿ ನೋಡಿ. ಗೆಳೆತನ ಎಂದರೇನು ಎಂದು ನೀವು ವಿವರಿಸಬೇಕಾಗಿಲ್ಲ, ಮಕ್ಕಳೇ ನಿಮಗೆ ಹೇಳುತ್ತಾರೆ.

ಕೂಡಿ ಬರೆಯುವಾಗ ಜಗಳ ಬರುತ್ತದೆ. ಪೆನ್ಸಿಲ್ ಯಾರ ಕೈಲಿರಬೇಕು, ಕಥೆಯ ನಾಯಿ ಬದುಕಬೇಕೋ ಸಾಯಬೇಕೋ ಎಂದು ವಾದವಾಗಿ ಟೂ ಬಿಡುವವರೆಗೂ ಹೋಗುತ್ತದೆ. ದಯವಿಟ್ಟು ಕೂಡಲೇ ತೀರ್ಪು ಕೊಡಬೇಡಿ. ನನ್ನ ಮಾತು ಒಂದು ಸಾಲು, ನಿನ್ನ ಮಾತು ಒಂದು ಸಾಲು ಎಂದು ಅವರೇ ಒಪ್ಪಂದಕ್ಕೆ ಬರುವುದೇ ಆ ದಿನದ ಪಾಠ. ಅಕ್ಷರ ಬಾರದವನು ಹೇಳಲಿ, ಬರುವವಳು ಬರೆಯಲಿ, ಚಿತ್ರ ಬರುವವನು ಬಿಡಿಸಲಿ. ಕನ್ನಡ ಇನ್ನೂ ಕಲಿಯುತ್ತಿರುವ ಮಗು ತನ್ನ ಮನೆಮಾತಿನ ಒಂದು ಪದವನ್ನು ಕಥೆಯೊಳಗೆ ಸೇರಿಸಲಿ. ಬರೆದದ್ದನ್ನು ಗೋಡೆಪತ್ರಿಕೆಗೆ ಅಂಟಿಸುವಾಗ ಇಬ್ಬರ ಹೆಸರೂ ಇರಲಿ, ಅಂಕ ಮಾತ್ರ ಬೇಡ. ಅಂಕ ಬಂದ ಕೂಡಲೇ ಜೊತೆಗಾರ ಎದುರಾಳಿಯಾಗುತ್ತಾನೆ. ಜೋಡಿಗಳನ್ನು ಆಗಾಗ ಬದಲಿಸಿ. ಆದರೆ ಯಾರನ್ನೂ ಗೆಳೆಯರಾಗಿ ಎಂದು ಬಲವಂತಪಡಿಸಬೇಡಿ. ಅವಕಾಶ ಒದಗಿಸುವುದಷ್ಟೇ ನಮ್ಮ ಕೆಲಸ.

ತಾಯ್ತಂದೆಯರಲ್ಲಿ ಒಂದು ಬೇಡಿಕೆ. ಮನೆಗೆ ತಂದ ಕಥೆಪುಸ್ತಕವನ್ನು ಕಪಾಟಿನಲ್ಲಿ ಜೋಪಾನ ಮಾಡಬೇಡಿ. ಪಕ್ಕದ ಮನೆಯ ಮಗುವನ್ನೂ ಕರೆಯಿರಿ. ಒಂದು ಪುಸ್ತಕಕ್ಕೆ ಇಬ್ಬರು ಬಾಗಿದಾಗ, ಪುಟ ತಿರುವುವ ಮುನ್ನ ಇನ್ನೊಬ್ಬರು ಓದಿ ಮುಗಿಸಿದರೇ ಎಂದು ಕಾಯುವುದನ್ನು ಮಗು ಕಲಿಯುತ್ತದೆ.

ಆಡಳಿತಕ್ಕೂ ಒಂದು ಮಾತು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಬಾಗಿಲನ್ನು ಮಕ್ಕಳಿಗೆ ಉಚಿತವಾಗಿ ತೆರೆಯಿತು. ಇತ್ತ ಹಿನಕಲ್ ಗ್ರಾಮ ಪಂಚಾಯಿತಿಯೇ ಹೂಟಗಳ್ಳಿ ನಗರಸಭೆಗೆ ಸೇರಿತು. ಊರು ನಗರವಾದಾಗ ಮಕ್ಕಳ ಓದಿನ ಹಕ್ಕು ಹೆಚ್ಚಬೇಕು, ಕುಗ್ಗಬಾರದು. ಪ್ರತಿ ವಾರ್ಡಿಗೂ ಮಕ್ಕಳ ಓದುಕೋಣೆ ಬೇಕು, ಅಲ್ಲಿ ಗಟ್ಟಿಯಾಗಿ ಓದಲು, ಮಾತಾಡಲು, ನಗಲು ಅನುಮತಿಯೂ ಬೇಕು.

ಈ ಸಮಾವೇಶ ವಾರ್ಡಿಗೊಂದು ಓದುಕೋಣೆ ಎಂಬುದನ್ನೇ ಮೊದಲ ನಿರ್ಣಯವಾಗಿ ಅಂಗೀಕರಿಸಲಿ ಎಂದು ಕೋರುತ್ತೇನೆ. ನಿರ್ಣಯಕ್ಕೆ ಕಾಯದೆ ಶಿಕ್ಷಕರು ನಾಳೆಯೇ ಇಬ್ಬರು ಮಕ್ಕಳ ನಡುವೆ ಒಂದು ಪುಸ್ತಕ ಇಡಲಿ.