ಹೊಟ್ಟು ತೂರಬೇಕು, ಕಾಳನ್ನಲ್ಲ

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಭವಿಷ್ಯನಿಧಿಯ ಹಣಕ್ಕೆ ಅರ್ಜಿ ಹಾಕಿದ ನಮ್ಮ ಹೋಟೆಲು ಸೋದರರೊಬ್ಬರ ಕಾಗದಗಳು ಎರಡು ಸಲ ಹಿಂದಕ್ಕೆ ಬಂದವು. ಮೊದಲನೆಯ ಸಲ, ಫೈಲು ತೀರ ದೊಡ್ಡದೆಂದು. ಎರಡನೆಯ ಸಲ, ಅಂಗಡಿಯವರು ಅದನ್ನು ಕುಗ್ಗಿಸಿದ ರೀತಿಯಿಂದ ಬ್ಯಾಂಕು ಖಾತೆಯ ಸಂಖ್ಯೆ ಓದಲು ಬಾರದೆಂದು. ಹಣ ಅವರು ಬೆವರು ಸುರಿಸಿ ಗಳಿಸಿದ್ದೇ. ಆದರೆ ಊರಿನಲ್ಲಿ ಮಗಳ ಮದುವೆಯ ಮುಹೂರ್ತ ಕಾಯಲಿಲ್ಲ, ಕೈಸಾಲ ಮಾಡಬೇಕಾಯಿತು. ಆದುದರಿಂದ ಈ ವಿಷಯವನ್ನು ನಾವೆಲ್ಲರೂ ತಿಳಿದುಕೊಳ್ಳುವುದು ಅವಶ್ಯ.

ಫೈಲು ದೊಡ್ಡದಾಗುವುದೇಕೆ? ಯಂತ್ರವು ಕಾಗದವನ್ನು ಚುಕ್ಕಿಗಳಾಗಿ ಬರೆದಿಡುತ್ತದೆ. ಒಂದು ಎ4 ಹಾಳೆಯನ್ನು ಅಂಗುಲಕ್ಕೆ 300 ಚುಕ್ಕಿಗಳಂತೆ ತೆಗೆದರೆ ಸುಮಾರು 87 ಲಕ್ಷ ಚುಕ್ಕಿಗಳಾಗುತ್ತವೆ. ಬಣ್ಣದ ಪ್ರತಿಯಲ್ಲಿ ಒಂದೊಂದು ಚುಕ್ಕಿಗೂ 3 ಬೈಟು ಬೇಕು. ಬೂದುಬಣ್ಣದಲ್ಲಿ 1 ಬೈಟು ಸಾಕು. ಕಪ್ಪು ಶಾಯಿಯ ಪಾಸ್‌ಬುಕ್ಕಿಗೆ ಬಣ್ಣದ ಸಿಂಗಾರ ಏತಕ್ಕೆ? ಅದನ್ನು ಬಿಟ್ಟರೆ ಅಕ್ಷರ ಕೆಡದೆಯೇ ಭಾರ ಇಳಿಯುತ್ತದೆ. ಫೋಟೋದಲ್ಲಿ ಬಂದ ಮೇಜಿನ ಅಂಚು, ಕೈಯ ನೆರಳು ಇವನ್ನೂ ಕತ್ತರಿಸಿರಿ. ಇನ್ನೂ ಹೆಚ್ಚೆಂದರೆ, ಚುಕ್ಕಿಗಳನ್ನು 300ರಿಂದ 200ಕ್ಕೆ ಇಳಿಸಿರಿ. ಅರ್ಧಕ್ಕಿಂತ ಹೆಚ್ಚು ಚುಕ್ಕಿಗಳು ಉಳಿತಾಯವಾಗುತ್ತವೆ, ಅಚ್ಚಿನ ಅಕ್ಷರ ಸಾಮಾನ್ಯವಾಗಿ ಓದಲು ಬರುತ್ತದೆ.

ಆದರೆ ಕುಗ್ಗಿಸಿದ್ದನ್ನೇ ಮತ್ತೆ ಮತ್ತೆ ಕುಗ್ಗಿಸಬಾರದು. ಜೆಪೆಗ್ ಎಂಬ ಪದ್ಧತಿಯು ಸೂಕ್ಷ್ಮ ವಿವರಗಳನ್ನು ಬಿಟ್ಟೇ ಗಾತ್ರ ಇಳಿಸುತ್ತದೆ. ಅಕ್ಷರದ ಅಂಚು ಪ್ರತಿ ಸಲವೂ ಮಸುಕಾಗುತ್ತದೆ. ಮೂಲ ಪ್ರತಿಯನ್ನು ಬೇರೆ ಇಟ್ಟುಕೊಂಡು, ಅದರಿಂದಲೇ ಒಂದು ಸಲ ಚಿಕ್ಕದು ಮಾಡಿರಿ. ವಾಟ್ಸಾಪಿನಲ್ಲಿ ಕಳುಹಿಸುವಾಗಲೂ ಫೋಟೋ ಎಂದು ಕಳುಹಿಸದೆ ಡಾಕ್ಯುಮೆಂಟ್ ಎಂದು ಕಳುಹಿಸಿರಿ. ಆಗ ಅದು ಇದ್ದಂತೆಯೇ ತಲುಪುತ್ತದೆ.

ಇದಕ್ಕಿಂತ ದೊಡ್ಡ ಅಪಾಯವೊಂದಿದೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಎಂಬ ಕಂಪ್ಯೂಟರು ತಜ್ಞರು ಒಂದು ಸಂಗತಿಯನ್ನು ಹೊರಗೆಡಹಿದರು. ಕೆಲವು ನಕಲು ಯಂತ್ರಗಳು, ಫೈಲು ಚಿಕ್ಕದಾಗಲೆಂದು, ಹೆಚ್ಚುಕಡಿಮೆ ಒಂದೇ ತೆರನಾಗಿ ಕಂಡ ಅಂಕಿಗಳಿಗೆ ಒಂದೇ ಅಚ್ಚನ್ನು ಬಳಸುತ್ತಿದ್ದವು. ಅದರಿಂದ 6 ಇದ್ದಲ್ಲಿ 8 ಬಂದು ಕುಳಿತಿತ್ತು. ಅದೂ ಮಸುಕಾಗಿ ಅಲ್ಲ, ಅಚ್ಚುಕಟ್ಟಾಗಿ! ಮಸುಕಾದ ಅಂಕಿ ಅರ್ಜಿಯನ್ನು ಹಿಂದಕ್ಕೆ ತರುತ್ತದೆ. ತಪ್ಪು ಅಂಕಿ ನಮ್ಮ ಹಣವನ್ನೇ ಅತಂತ್ರ ಮಾಡೀತು.

ಆದುದರಿಂದ ಕಳುಹಿಸುವ ಮೊದಲು, ಚಿಕ್ಕದಾದ ಫೈಲನ್ನು ತೆರೆದು, ದೊಡ್ಡದು ಮಾಡಿ, ಮೂಲ ಕಾಗದವನ್ನು ಪಕ್ಕದಲ್ಲಿಟ್ಟುಕೊಂಡು ಓದಿರಿ. ಹೆಸರು, ತಾರೀಖು, ಖಾತೆ ಸಂಖ್ಯೆ, ಭವಿಷ್ಯನಿಧಿಯ 12 ಅಂಕಿಗಳು, ಒಂದೊಂದನ್ನೂ ಬೆರಳಿಟ್ಟು ತಾಳೆ ನೋಡಿರಿ. ಬಲ್ಲವರು ಬಾರದವರಿಗೆ ಹೇಳಿಕೊಡಿರಿ. ಅರ್ಜಿ ಹಿಂದಿರುಗಿದರೆ ಕಾರಣವನ್ನು ಬರಹದಲ್ಲಿ ಕೇಳಿರಿ, ನಾಚಿಕೆ ಬೇಡ.

ಕೇರುವಾಗ ನಮ್ಮ ತಾಯಂದಿರು ಹೊಟ್ಟನ್ನು ಹಾರಿಸಿ ಕಾಳನ್ನು ಮೊರದಲ್ಲಿ ಉಳಿಸಿಕೊಳ್ಳುತ್ತಿದ್ದರು. ನಾವು ಕಲಿಯಬೇಕಾದುದೂ ಅದನ್ನೇ.