ಫಿಕರಿಗೊಂದು ಮಣೆ ಹಾಕ್ರಿ

(ಹಲಬರ್ಗಾದ ಅಕ್ಷರ ಕಲಿಕೆಯ ಅಕ್ಕ-ತಂಗಿಯರ ಮುಂದೆ ಆಡಿದ ಮಾತು)



ನನಗೆ ಭಾಷಣ ಬರೋದಿಲ್ಲ. ಎರಡು ಮಾತು ಆಡ್ತೀನಿ. ನೀವು ಹೊಲದಿಂದ ದಣಿದು ಬಂದೀರಿ. ನಿದ್ದಿ ಬಂದ್ರ ಮಲಗ್ರಿ, ನನಗೆ ಬ್ಯಾಸರ ಇಲ್ಲ. ನಿದ್ದಿ ಎಷ್ಟು ದೊಡ್ಡ ಭಾಗ್ಯ ಅಂತ ನನಗೆ ಗೊತ್ತದ.

ಒಂದು ವರ್ಷ ನನಗೆ ನಿದ್ದೆ ಇರಲಿಲ್ಲ. ಮಗ ಹೈದರಾಬಾದಿಗೆ ಕೆಲಸಕ್ಕೆ ಹೋದ. ನಮ್ಮ ಹಲಬರ್ಗಾ ಸ್ಟೇಷನ್ನಿನಲ್ಲೇ ಗಾಡಿ ಹತ್ತಿದ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟೆ. ಗಾಡಿ ಹೋಯಿತು. ನನ್ನ ಜೀವವೂ ಅದರ ಹಿಂದೆ ಹೋಯಿತು. ಅದೇ ವರ್ಷ ಉದ್ದು, ಹೆಸರು ಹೂವಿಗೆ ಬಂದಾಗ ಮಳೆ ಇಲ್ಲ. ರಾಶಿಗೆ ಬಂದಾಗ ಬಿಡದ ಮಳೆ. ಕಾಳು ಕಪ್ಪಾದವು. ಸಂಘದ ಸಾಲದ ಕಂತು ತಲೆ ಮೇಲೆ.

ರಾತ್ರಿ ದೀಪ ಆರಿಸಿದರೆ ಎದೆ ಢವಢವ. ಅಂಗೈ ತಣ್ಣಗೆ. ಹೊಟ್ಟೆಯಲ್ಲಿ ಕಲಸಿದಂಗೆ. ಮಗ ಫೋನ್ ಎತ್ತದಿದ್ದರೆ ಮುಗೀತು. ಮನಸ್ಸು ಹತ್ತು ಕಡೆ ಓಡುತ್ತಿತ್ತು.

ಒಂದು ರಾತ್ರಿ ನಮ್ಮ ಅತ್ತೆ ಎದ್ದು ಕುಂತಳು. "ಏ ಹುಚ್ಚಿ, ಅವ ಫೋನ್ ಎತ್ತಿಲ್ಲಂದ್ರ ಏನಾತು? ನಿನ್ನ ಗಂಡ ಇಲ್ಲೇ ಮಲಗ್ಯಾನ. ಮೂವತ್ತು ವರ್ಷಾತು ನೀ ಕರೀಲಿಕತ್ತು. ಅವ ಒಂದ್ ಸಲನಾದ್ರೂ 'ಓ' ಅಂದಾನೇನು?" ಅಂದಳು.

ಕೌದಿಯ ಒಳಗಿಂದ ನಮ್ಮ ಮನೆಯವರು, "ಓ" ಅಂದರು!

ಮೂವರೂ ನಕ್ಕೆವು. ಹೊಟ್ಟೆ ಹಿಡಕೊಂಡು ನಕ್ಕೆವು. ನಕ್ಕ ಮೇಲೆ ನೋಡ್ತೀನಿ, ಎದೆ ಹಗುರ. ಅತ್ತೆ ಹೇಳಿದಳು, "ಫಿಕರ್ ಮನಿಗೆ ಬಂದ್ರ ಬಾಗಿಲು ಹಾಕಿದ್ರ ಹೋಗೂದಿಲ್ಲ. ಒಂದು ಮಣಿ ಹಾಕು, ಚಹಾ ಕುಡಸು, ಕಳಸು."

ಎದೆ ಯಾಕೆ ಹಾಗೆ ಬಡಿಯುತ್ತದೆ? ಒಬ್ಬ ಡಾಕ್ಟರ್ ಬಾಯಿ ನನಗೆ ತಿಳಿಸಿ ಹೇಳಿದರು. ಬದುವಿನ ಮೇಲೆ ಹಾವು ಕಂಡರೆ ಎದೆ ಜೋರಾಗಿ ಬಡಿಯುತ್ತದೆ. ಉಸಿರು ಏರುತ್ತದೆ. ಕಾಲಿಗೆ ಓಡುವ ಬಲ ಬರುತ್ತದೆ. ಅದು ದೇಹವು ನಮ್ಮನ್ನು ಕಾಯುವ ರೀತಿ. ಚಿಂತೆ ಮಾಡಿದಾಗ ಹಾವು ಇರೋದಿಲ್ಲ. ಆದರೆ ದೇಹಕ್ಕೆ ಅದು ತಿಳಿಯೋದಿಲ್ಲ. ಹಾವು ಬಂತು ಅಂತಲೇ ಎದೆ ಬಡಿಯುತ್ತದೆ. ಆಗ ಉಸಿರನ್ನು ನಿಧಾನ ಒಳಗೆ ತಗೋಬೇಕು. ಅದಕ್ಕಿಂತ ನಿಧಾನ ಹೊರಗೆ ಬಿಡಬೇಕು, ಬಿಸಿ ಚಹಾ ಊದಿದಂಗೆ. ಹತ್ತು ಸಲ ಮಾಡಿ ನೋಡ್ರಿ. ನಾನು ರೊಟ್ಟಿ ಬಡಿಯುವಾಗಲೂ ಮಾಡ್ತೀನಿ.

ದೇವರ ಮಾತಿಗೆ ಬರ್ತೀನಿ. ನಾನು ಖಾನಾಪುರದ ಮೈಲಾರ ಮಲ್ಲಣ್ಣನಿಗೆ ನಡೆದುಕೊಳ್ಳುವವಳು. ನಮ್ಮ ಪಕ್ಕದ ಮನೆ ಬೀಬಿ ಅಷ್ಟೂರಿನ ದರ್ಗಾಕ್ಕೆ ಹೋಗುತ್ತಾಳೆ. ಅಲ್ಲಿಯ ಜಾತ್ರೆಗೆ ನಾನೂ ಹೋಗೀನಿ. ಕೈ ಮುಗಿದಾಗ ಭಾರ ಇಳಿಸಿದಂಗೆ ಆಗುತ್ತದೆ. ನಮ್ಮ ಜಿಲ್ಲೆಯ ಬಸವಕಲ್ಯಾಣದಲ್ಲಿ 12ನೇ ಶತಮಾನದಲ್ಲಿ ಆಯ್ದಕ್ಕಿ ಲಕ್ಕಮ್ಮ ಇದ್ದಳು. ಗಂಡ ಮಾರಯ್ಯ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಹೆಚ್ಚು ತಂದ. ಅಷ್ಟು ನಮಗೆ ಬೇಡ, ಮರಳಿ ಸುರಿದು ಬಾ ಅಂದಳು ಲಕ್ಕಮ್ಮ. ನಾಳೆಯ ಅಂಜಿಕೆ ಅವಳಿಗೆ ಇರಲಿಲ್ಲ. ನಾನು ಲಕ್ಕಮ್ಮ ಅಲ್ಲ ಬಿಡ್ರಿ, ನನ್ನ ಡಬ್ಬಿಯಲ್ಲಿ ಎರಡು ತಿಂಗಳ ಜೋಳ ಇರಲೇಬೇಕು. ಆದರೂ ಆ ಕತೆ ನೆನಪಾದರೆ ಧೈರ್ಯ ಬರುತ್ತದೆ.

ಒಂದು ಮಾತು. ದೇವರಿಗೆ ಕಾಯಿ ಒಡೆಸ್ರಿ. ಫಿಕರ್ ತೆಗೀತೀನಿ ಅಂತ ಐದು ಸಾವಿರ ಕೇಳುವವನ ಹತ್ತಿರ ಹೋಗಬ್ಯಾಡ್ರಿ. ಅವ ಕೊಡೋದು ಹೊಸ ಫಿಕರ್.

ನಗುವೂ ಎಲ್ಲ ಕಡೆ ನಡೆಯೋದಿಲ್ಲ. ನಮ್ಮ ಓಣಿಯ ಒಬ್ಬ ಸೊಸೆ ಊಟ ಬಿಟ್ಟಳು. ತಲೆ ಬಾಚಲಿಲ್ಲ. ಕೂಸಿನ ಕಡೆ ನೋಡಲಿಲ್ಲ. ಅತ್ತೆ ಎರಡು ಸಲ ನಗಿಸಲು ನೋಡಿ ಸುಮ್ಮನಾದಳು. "ಇದು ನನ್ನ ಕೈಯಾಗಿನ ಮಾತಲ್ಲ, ದವಾಖಾನಿಗೆ ಕರ್ಕೊಂಡು ಹೋಗ್ರಿ" ಅಂದಳು. ಬೀದರಿಗೆ ಹೋದೆವು. ಕೆಲವು ತಿಂಗಳು ಗುಳಿಗೆ ತಗೊಂಡಳು. ಈಗ ನಮ್ಮ ಜೊತೆ ಕೂಲಿಗೆ ಬರುತ್ತಾಳೆ. ಹುಚ್ಚು ಅಂತ ಯಾರೂ ಅನ್ನಬ್ಯಾಡ್ರಿ. ಜ್ವರ ಬಂದಂಗೆ ಇದೂ ಒಂದು ಜಡ್ಡು.

ಸರ್ಕಾರದ ಒಂದು ಫೋನ್ ನಂಬರ್ ಅದ. ಟೆಲಿ ಮಾನಸ್ ಅಂತ ಹೆಸರು. 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಯಾವಾಗಲೂ ಮಾಡಬಹುದು. ದುಡ್ಡಿಲ್ಲ. ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಅಂತ ಅನಿಸಿದರೆ ತಡ ಮಾಡದೆ ಮಾಡ್ರಿ. ಮನೆಯವರಿಗೂ ಹೇಳ್ರಿ. ಹಾಳೆ ತೆಗೀರಿ, ಅಂಕಿ ಬರೀರಿ: 14416. ಬರೆದಿರಾ?

ನಾನು ಅಕ್ಷರ ಕಲಿತ ಮೇಲೆ ಕ್ಯಾಲೆಂಡರಿನ ಹಿಂದೆ ನನ್ನ ಫಿಕರ್ ಎಲ್ಲಾ ಬರೆದೆ. ಸಾವಿರ ಇದ್ದಾವು ಅಂದುಕೊಂಡಿದ್ದೆ. ಐದೇ ಬಂದವು! ಮಗ. ಮಳೆ. ಕಂತು. ಮಗಳ ಲಗ್ನ. ಎಮ್ಮೆಯ ಕಾಲು. ಅತ್ತೆಗೆ ಓದಿ ಹೇಳಿದೆ. "ಮಳಿ ನಿನ್ನ ಕೈಯಾಗ ಅದೇನು? ಗೀಟು ಹೊಡಿ. ಎಮ್ಮಿಗೆ ನಾಳೆ ಡಾಕ್ಟರ್‌ನ ಕರಿ" ಅಂದಳು. ಕಂತಿನ ಮಾತನ್ನು ಸಂಘದಲ್ಲಿ ಬಾಯಿಬಿಟ್ಟು ಹೇಳಿದೆ. ಹೇಳಿದ ಮೇಲೆ ತಿಳೀತು, ಇನ್ನೂ ನಾಲ್ಕು ಮಂದಿಗೆ ಅದೇ ತೊಂದರೆ. ಎಲ್ಲರೂ ಕೂಡಿ ವಾಯಿದೆ ಕೇಳಿದೆವು.

ಎಳ್ಳಮವಾಸಿಗೆ ಮಗ ಊರಿಗೆ ಬಂದ. ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲಿದೆವು. ಭಜ್ಜಿ, ರೊಟ್ಟಿ, ಅಂಬಲಿ ಉಂಡೆವು. ಅತ್ತೆ ಎರಡು ಸಲ ಭಜ್ಜಿ ನೀಡಿಸಿಕೊಂಡಳು. ಅವ ಮರಳಿ ಹೋದ ಮೇಲೆ ಕ್ಯಾಲೆಂಡರ್ ತಿರುಗಿಸಿ ನೋಡಿದೆ. ನನ್ನ ಐದರ ಕೆಳಗೆ ಅವನ ಕೈಬರಹದಲ್ಲಿ ಇನ್ನೊಂದು ಸಾಲು ಇತ್ತು. ಕೂಡಿಸಿ ಕೂಡಿಸಿ ನಾನೇ ಓದಿದೆ.

"6. ನನಗ ಅವ್ವನ ಫಿಕರ್."