ಹುಳು ಸಾಕಣೆ ಮನೆಯ ಪ್ಯಾನಲ್ ಚಾವಣಿಗೆ ಮೇಲ್ಹೊದಿಕೆ
(ರೈತ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ರೇಷ್ಮೆ ಹುಳು ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಹಣ್ಣಾಗುವವರೆಗೆ ಏಳೆಂಟು ದಿನಗಳು. ಇಡೀ ಬೆಳೆಯಲ್ಲಿ ಅದು ತಿನ್ನುವ ಸೊಪ್ಪಿನಲ್ಲಿ ಶೇಕಡ 80ಕ್ಕೂ ಹೆಚ್ಚು ಭಾಗ ಖರ್ಚಾಗುವುದು ಈ ದಿನಗಳಲ್ಲಿಯೇ. ಆಗ ಮನೆಯೊಳಗಿನ ಉಷ್ಣತೆ 23 ರಿಂದ 25 ಡಿಗ್ರಿ ಸೆಂಟಿಗ್ರೇಡ್, ಗಾಳಿಯ ತೇವಾಂಶ ಶೇಕಡ 70ರ ಸುಮಾರಿನಲ್ಲಿರಬೇಕು. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬರಿಯ ತಗಡಿನ ಅಥವಾ ಸಿಮೆಂಟ್ ಶೀಟಿನ ಕೆಳಗೆ ಈ ಹದವನ್ನು ಕಾಯುವುದು ಎಷ್ಟು ಕಷ್ಟವೆಂಬುದು ಹುಳು ಸಾಕಿದವರಿಗೆಲ್ಲ ಗೊತ್ತು. ಶಾಖ ಏರಿಳಿದರೆ ಹಾಲುತೊಂಡೆ ರೋಗ. ಶಾಖದೊಡನೆ ತೇವವೂ ಸೇರಿದರೆ ಸಪ್ಪೆ ರೋಗ. ಚಾಕಿಗೆ ಕೊಟ್ಟ ಹಣ, ಸೊಪ್ಪು, ಮನೆಮಂದಿಯ ದುಡಿಮೆ ಎಲ್ಲವೂ ನಾಲ್ಕೇ ದಿನಗಳಲ್ಲಿ ಗುಂಡಿ ಸೇರುತ್ತವೆ.

ಈ ಕಾರಣದಿಂದ ಕೆಲವು ರೈತರು ಹುಳು ಮನೆಗೆ ಪಫ್ ಪ್ಯಾನಲ್ ಅಥವಾ ಥರ್ಮೋಕೋಲ್ ಪ್ಯಾನಲ್ ಹೊದಿಸುತ್ತಿದ್ದಾರೆ. ಎರಡು ತೆಳು ಉಕ್ಕಿನ ತಗಡುಗಳ ನಡುವೆ ಶಾಖ ತಡೆಯುವ ಹಗುರವಾದ ತಿರುಳನ್ನು ತುಂಬಿ ಅಂಟಿಸಿದ ಹಲಗೆಯೇ ಈ ಪ್ಯಾನಲ್. ತಗಡುಗಳ ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಮಾತ್ರ. ಬಿಡಿಬಿಡಿಯಾಗಿ ಯಾವುದಕ್ಕೂ ಹೆಚ್ಚಿನ ಬಲವಿಲ್ಲ. ಮೂರೂ ಬಿಗಿಯಾಗಿ ಅಂಟಿಕೊಂಡಿರುವುದರಿಂದಲೇ ಅದು ಭಾರ ಹೊರುತ್ತದೆ. ಶಾಖ ತಡೆಯುವುದರಲ್ಲಿ ಎರಡು ಅಂಗುಲದ ಪಫ್ ಸುಮಾರು ಮೂರು ಅಂಗುಲದ ಥರ್ಮೋಕೋಲಿಗೆ ಸಮ.

ಇಂತಹ ಚಾವಣಿಯ ಮೇಲೆ ಮತ್ತೊಂದು ಹೊದಿಕೆ ಬೇಕೇ ಎಂಬುದು ಮೊದಲ ಪ್ರಶ್ನೆ. ಚಾವಣಿಗೆಂದೇ ತಯಾರಿಸಿದ ಪ್ಯಾನಲಿನ ಹೊರತಗಡಿನಲ್ಲಿ ಎತ್ತರದ ಏಣುಗಳಿರುತ್ತವೆ. ಒಂದರ ಏಣು ಪಕ್ಕದ್ದರ ಏಣಿನ ಮೇಲೆ ಕುಳಿತು ಸಂದನ್ನು ಮುಚ್ಚುತ್ತದೆ. ಹತ್ತು ಅಡಿಗೆ ಕನಿಷ್ಠ ಒಂದು ಅಡಿಯಂತೆ ಇಳಿಜಾರು ಕೊಟ್ಟು ಸರಿಯಾಗಿ ಕೂಡಿಸಿದ್ದರೆ ಅದಕ್ಕೆ ಬೇರೆ ಹೊದಿಕೆಯ ಅಗತ್ಯವಿಲ್ಲ. ಬಿಳಿಯ ಅಥವಾ ತಿಳಿಬಣ್ಣದ ತಗಡನ್ನು ಆರಿಸಿಕೊಂಡರೆ ಸಾಕು. ಕಡುಹಸಿರು, ಇಟ್ಟಿಗೆಗೆಂಪು ನೋಡಲು ಚೆಂದ, ಆದರೆ ಬಿಸಿಲನ್ನು ಹೀರುತ್ತವೆ. ಅಂದಕ್ಕಾಗಿ ಎರಡನೆಯ ಚಾವಣಿ ಹಾಕಿಸುವ ಹಣದಲ್ಲಿ ಚಂದ್ರಿಕೆಗಳನ್ನು ಕೊಳ್ಳುವುದು ಲೇಸು.

ತೊಂದರೆ ಬರುವುದು ಗೋಡೆಯ ಪ್ಯಾನಲನ್ನು ಚಾವಣಿಗೆ ಹಾಕಿದಾಗ. ಕೋಲಾರದ ಕಡೆಯ ರೈತರೊಬ್ಬರ ಸಂಗತಿ ಇದಕ್ಕೆ ಒಳ್ಳೆಯ ಉದಾಹರಣೆ. ಕೆಡವಿದ ಶೀತಲಗೃಹದ ಹಳೆಯ ಪ್ಯಾನಲುಗಳು ಅಗ್ಗವಾಗಿ ಸಿಕ್ಕವೆಂದು ಅವರು ತಂದು ಹುಳು ಮನೆಗೆ ಹೊದಿಸಿದರು. ಅವು ಗೋಡೆಯವು, ಚಪ್ಪಟೆ, ಸಂದಿನಲ್ಲಿ ಏಣಿಲ್ಲ. ಮೊದಲ ಮಳೆಗೇ ಸಂದುಗಳಲ್ಲಿ ನೀರಿಳಿದು ಹಾಸಿಗೆ ನೆನೆಯಿತು. ಮೇಲೆ ತಗಡು ಹೊದಿಸಲು ಊರಿನ ಕೆಲಸಗಾರರು ಹೆಂಚಿನ ಮನೆಗೆ ಹೊಡೆಯುವಂತೆ ರೀಪುಗಳನ್ನು ಅಡ್ಡಡ್ಡಲಾಗಿ ಹೊರತಗಡಿಗೇ ಗಿಡ್ಡ ಸ್ಕ್ರೂಗಳಿಂದ ಕೂಡಿಸಿದರು. ಮುಂದಿನ ಏಪ್ರಿಲ್‌ನಲ್ಲಿ, ಹುಳು ನಾಲ್ಕನೆಯ ಜ್ವರದಿಂದ ಎದ್ದು ಮೂರನೆಯ ದಿನ, ಸಂಜೆಯ ಬಿರುಗಾಳಿ ಒಂದು ಮೂಲೆಯ ತಗಡನ್ನು ರೀಪಿನ ಸಮೇತ ಕಿತ್ತೊಯ್ದಿತು. ಸ್ಕ್ರೂ ಇದ್ದ ಕಡೆಯೆಲ್ಲ ತೂತು ಉಳಿದು ಒಳಗೆ ನೀರು ಸುರಿಯಿತು. ಆ ಬೆಳೆಯಲ್ಲಿ ಅವರಿಗೆ ಸಾಲವಷ್ಟೇ ಉಳಿಯಿತು.

ಇಲ್ಲಿ ಆದ ತಪ್ಪುಗಳು ಎರಡು. ಅರ್ಧ ಮಿಲಿಮೀಟರ್ ತಗಡು ಸ್ಕ್ರೂವನ್ನು ಬಿಗಿಯಾಗಿ ಹಿಡಿಯಲಾರದು, ತಿರುಳಂತೂ ಏನನ್ನೂ ಹಿಡಿಯದು. ಐ.ಎಸ್. 875ರ ಮೂರನೆಯ ಭಾಗದಲ್ಲಿ ಗಾಳಿಯ ಮೂಲ ವೇಗವನ್ನು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್ ಎಂದೂ ಮಂಗಳೂರಿಗೆ 39 ಮೀಟರ್ ಎಂದೂ ಕೊಟ್ಟಿದೆ. 33 ಮೀಟರ್ ವೇಗದ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 65 ಕಿಲೋ ತೂಕಕ್ಕೆ ಸಮ. ಸೂರಿನ ಅಂಚಿನಲ್ಲಿ, ಮೂಲೆಗಳಲ್ಲಿ ಮೇಲಕ್ಕೆ ಎಳೆಯುವ ಬಲ ಇನ್ನೂ ಹೆಚ್ಚು. ಎರಡು ಅಂಗುಲದ ಪಫ್ ಪ್ಯಾನಲ್ ಚದರ ಮೀಟರಿಗೆ ತೂಗುವುದು ಸುಮಾರು 10 ಕಿಲೋ, ಮೇಲಿನ ತಗಡು ಅದಕ್ಕಿಂತಲೂ ಹಗುರ. ಆದುದರಿಂದ ಹೊದಿಕೆಯ ಸ್ಕ್ರೂ ರೀಪನ್ನೂ ಪ್ಯಾನಲನ್ನೂ ದಾಟಿ ಕೆಳಗಿನ ಕಬ್ಬಿಣದ ತೊಲೆಯನ್ನು ಹಿಡಿಯಲೇಬೇಕು. ತೊಲೆಯ ಕೆಳಗೆ ಮೂರು ಸುತ್ತಿನಷ್ಟಾದರೂ ಎಳೆ ಹೊರಗೆ ಕಾಣಬೇಕು. ಅಂಚು ಮತ್ತು ಮೂಲೆಗಳಲ್ಲಿ ನಡುವಿನಲ್ಲಿ ಹಾಕಿದ್ದರ ಎರಡರಷ್ಟು ಸ್ಕ್ರೂ ಹಾಕಿಸುವುದು ಕ್ಷೇಮ.

ಎರಡನೆಯ ತಪ್ಪು ಅಡ್ಡ ರೀಪು. ಚಪ್ಪಟೆ ಪ್ಯಾನಲಿನ ಮೇಲೆ ರೀಪನ್ನು ಅಡ್ಡಲಾಗಿ ಹೊಡೆದರೆ ಅದು ಗದ್ದೆಯ ಬದುವಿನಂತೆ ನೀರನ್ನು ತಡೆಯುತ್ತದೆ. ಧೂಳು, ಎಲೆ ಅಲ್ಲಿಯೇ ನಿಂತು ತಗಡು ತುಕ್ಕು ಹಿಡಿಯುತ್ತದೆ, ಗಾಳಿಯೂ ಆಡುವುದಿಲ್ಲ. ಮೊದಲು ಬೆನ್ನಿನಿಂದ ಸೂರಿನ ಕಡೆಗೆ ಇಳಿಜಾರಿನ ಉದ್ದಕ್ಕೆ ರೀಪು ಹಾಕಿ, ಅದರ ಮೇಲೆ ಅಡ್ಡ ರೀಪು ಹಾಕಿ, ಅದಕ್ಕೆ ತಗಡನ್ನು ಕೂಡಿಸಬೇಕು. ಹೀಗೆ ಮಾಡುವುದರಿಂದ ತಗಡಿಗೂ ಪ್ಯಾನಲಿಗೂ ನಡುವೆ ಎರಡು ಮೂರು ಅಂಗುಲ ಜಾಗ ಉಳಿಯುತ್ತದೆ. ಕಾದ ತಗಡಿನ ಕೆಳಗಿನ ಗಾಳಿ ಬಿಸಿಯಾಗಿ ಬೆನ್ನಿನ ಕಡೆ ಹೊರಟುಹೋಗುತ್ತದೆ, ಸೂರಿನಿಂದ ಹೊಸ ಗಾಳಿ ಸೇರುತ್ತದೆ. ಎರಡನೆಯ ಹೊದಿಕೆಯಿಂದ ಆಗುವ ನಿಜವಾದ ಲಾಭ ಇದೇ. ಕೆಳಗೂ ಮೇಲೂ ಬಾಯಿ ಮುಚ್ಚಿದರೆ ಈ ಲಾಭ ಕೈತಪ್ಪುತ್ತದೆ. ತೆರೆದೇ ಬಿಟ್ಟರೆ ಅಳಿಲು, ಇಲಿ, ಕಣಜ ಸಂಸಾರ ಹೂಡುತ್ತವೆ. ಥರ್ಮೋಕೋಲ್ ತಿರುಳನ್ನು ಇಲಿಗಳು ಸುಲಭವಾಗಿ ಕೊರೆಯುತ್ತವೆ. ಆದ್ದರಿಂದ ಎರಡೂ ಬಾಯಿಗೆ ಸಣ್ಣ ಕಣ್ಣಿನ ತಂತಿ ಜಾಲರಿ ಹೊಡೆಯತಕ್ಕದ್ದು.

ಹೊದಿಕೆಗೆ ಮಂಗಳೂರು ಹೆಂಚನ್ನು ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಹೆಂಚು ತಂಪು, ನಿಜ. ಆದರೆ ಅದು ಚದರ ಮೀಟರಿಗೆ ಸುಮಾರು 40 ಕಿಲೋ ತೂಗುತ್ತದೆ, ಅಂದರೆ ಪ್ಯಾನಲಿನ ನಾಲ್ಕರಷ್ಟು. ಎರಡು ಅಡಿಗೆ ಒಂದು ಅಡಿಯಷ್ಟು ಕಡಿದಾದ ಇಳಿಜಾರೂ ಬೇಕು. ಹಗುರವಾದ ಚಾವಣಿಗೆಂದು ನಿಲ್ಲಿಸಿದ ಕಂಬ ತೊಲೆಗಳ ಮೇಲೆ ಇದನ್ನು ಹೇರಬಾರದು. ಕಟ್ಟುವ ಮೊದಲೇ ಹೆಂಚಿನ ಭಾರವನ್ನು ಲೆಕ್ಕ ಹಿಡಿಸಿದ್ದರೆ ಅಡ್ಡಿಯಿಲ್ಲ. ಟಾರು ಹಾಳೆಯನ್ನು ಕಾಯಿಸಿ ಅಂಟಿಸುವ ಪದ್ಧತಿ ಥರ್ಮೋಕೋಲ್ ಪ್ಯಾನಲಿಗೆ ಕೂಡದು. 80 ಡಿಗ್ರಿಯ ಸುಮಾರಿಗೇ ಆ ತಿರುಳು ಮೆತ್ತಗಾಗುತ್ತದೆ. ಪೆಟ್ರೋಲ್ ಬೆರೆತ ಅಂಟು ಸೋಂಕಿದರಂತೂ ಕರಗಿಯೇ ಹೋಗುತ್ತದೆ.

ತೆಂಗಿನ ಗರಿ ಎಲ್ಲಕ್ಕಿಂತ ಅಗ್ಗ, ಒಳ್ಳೆಯ ತಂಪು. ಆದರೆ ಪ್ಯಾನಲಿಗೆ ತಾಗಿಸಿ ಹರಡಿದರೆ ಮಳೆಗಾಲದಲ್ಲಿ ಕೊಳೆತು ತಗಡನ್ನು ತಿನ್ನುತ್ತದೆ. ಒಂದು ಅಡಿ ಎತ್ತರಿಸಿ ಬೇರೆಯೇ ಚಪ್ಪರ ಕಟ್ಟಿ, ಮಳೆ ಹಿಡಿಯುವ ಮುನ್ನ ತೆಗೆದುಬಿಡಬೇಕು. ಬೆಂಕಿಯ ಭಯವನ್ನೂ ಮರೆಯಬಾರದು. ಪಫ್, ಥರ್ಮೋಕೋಲ್ ಎರಡೂ ಹೊತ್ತಿಕೊಂಡರೆ ವಿಷಕಾರಿ ಹೊಗೆ ಬಿಡುತ್ತವೆ. ವೆಲ್ಡಿಂಗ್ ಕೆಲಸವನ್ನೆಲ್ಲ ಪ್ಯಾನಲ್ ಏರಿಸುವ ಮುಂಚೆಯೇ ಮುಗಿಸತಕ್ಕದ್ದು.

ಮೇಲೆ ಹೇಳಿದ ರೈತರು ಕೊನೆಗೆ ಮಾಡಿದ್ದಿಷ್ಟು. ಪ್ರತಿ ಪ್ಯಾನಲನ್ನೂ ಬೆರಳಿನಿಂದ ತಟ್ಟಿ ನೋಡಿ, ಪೊಳ್ಳು ಸದ್ದು ಬಂದವನ್ನು, ಅಂದರೆ ತಗಡು ತಿರುಳಿನಿಂದ ಬಿಟ್ಟುಕೊಂಡಿದ್ದವನ್ನು, ಗೋಡೆಗೆ ಇಳಿಸಿದರು. ಸಂದುಗಳಿಗೂ ಹಳೆಯ ತೂತುಗಳಿಗೂ ಅಂಟುವ ರಬ್ಬರ್ ಪಟ್ಟಿ ಒತ್ತಿದರು. ಉದ್ದಕ್ಕೂ ಅಡ್ಡಕ್ಕೂ ಟೋಪಿಯಾಕಾರದ ಕಬ್ಬಿಣದ ರೀಪು ಹಾಕಿ, ತೊಲೆಗೆ ಮುಟ್ಟುವ ಉದ್ದನೆಯ ಸ್ಕ್ರೂಗಳಿಂದ ಬಿಗಿದು, ಮೇಲೆ ಬಿಳಿಯ ತಗಡು ಹೊದಿಸಿದರು. ತಗಡಿನ ಪಕ್ಕದ ಒಗ್ಗು ಮುಂಗಾರು ಗಾಳಿಗೆ ಎದುರಾಗದಂತೆ ಪೂರ್ವದ ಕೊನೆಯಿಂದ ಕೆಲಸ ಆರಂಭಿಸಿದರು.

ಕೆಲಸ ಮಾಡಿಸುವಾಗ ಮೇಲೆ ನಿಂತು ನೋಡಬೇಕಾದ ಕೆಲವು ಸಣ್ಣ ವಿಷಯಗಳಿವೆ. ತಗಡಿನ ಸ್ಕ್ರೂ ಏಣಿನ ನೆತ್ತಿಯಲ್ಲಿರಬೇಕು, ನೀರು ಹರಿಯುವ ತಗ್ಗಿನಲ್ಲಲ್ಲ. ಅದರ ರಬ್ಬರ್ ವಾಷರ್ ತುಸು ಉಬ್ಬುವಷ್ಟು ಮಾತ್ರ ತಿರುಗಿಸಬೇಕು. ಹೆಚ್ಚು ಬಿಗಿದರೆ ರಬ್ಬರು ಸೀಳುತ್ತದೆ, ಸುತ್ತಿಗೆಯಿಂದ ಬಡಿದರೆ ತೂತು ಅಗಲವಾಗುತ್ತದೆ. 12 ಮೀಟರ್ ಉದ್ದದ ತಗಡು ರಾತ್ರಿಯ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ, 40 ಡಿಗ್ರಿ ಅಂತರವೆಂದರೆ, ಸುಮಾರು 6 ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಆ ಕಾರಣ ಒಂದೇ ಉದ್ದನೆಯ ತಗಡಿಗಿಂತ ಆರು ಅಂಗುಲ ಒಗ್ಗಿಟ್ಟು ಎರಡು ತುಂಡು ಹಾಕುವುದೇ ವಾಸಿ. ಸಂದಿಗೆ ತುಂಬುವ ಸಿಲಿಕೋನ್ ಅಂಟು ಹುಳಿ ವಾಸನೆಯದಾದರೆ ಸತುವಿನ ಲೇಪವನ್ನು ತಿನ್ನುತ್ತದೆ. ಹುಳಿಯಿಲ್ಲದ್ದನ್ನೇ ಕೇಳಿ ಪಡೆಯಬೇಕು. ತೂತು ಕೊರೆದಾಗ ಬಿದ್ದ ಕಬ್ಬಿಣದ ಪುಡಿಯನ್ನು ಅಂದೇ ಸಂಜೆ ಗುಡಿಸದಿದ್ದರೆ ಒಂದೇ ಮಳೆಗೆ ಬಿಳಿ ತಗಡಿನ ಮೇಲೆ ತುಕ್ಕಿನ ಚುಕ್ಕೆ ಏಳುತ್ತವೆ.

ಹೊರಗಿನ ನೀರಿನಷ್ಟೇ ಒಳಗಿನ ತೇವವೂ ಶತ್ರು. ಹುಳು ಮನೆಯ ಹಸಿ ಗಾಳಿ ಪ್ಯಾನಲಿನ ಸಂದುಗಳಲ್ಲಿ ನುಸುಳಿ, ಡಿಸೆಂಬರ್ ರಾತ್ರಿಯಲ್ಲಿ ತಣ್ಣಗಾದ ಹೊರತಗಡಿಗೆ ತಾಗಿ ನೀರಾಗುತ್ತದೆ. ಅದು ಹಾಸಿಗೆಯ ಮೇಲೆ ತೊಟ್ಟಿಕ್ಕಿದರೆ ಆ ಚಳಿಯಲ್ಲಿ ಸುಣ್ಣಕಟ್ಟು ರೋಗಕ್ಕೆ ದಾರಿ. ಚಾವಣಿ ಸೋರುತ್ತಿದೆಯೆಂದು ಮೇಲೆ ಹತ್ತುವ ಮೊದಲು ಒಳಗಡೆಯ ಸಂದುಗಳನ್ನು ಮುಚ್ಚಿಸಿ, ಕಿಟಕಿಗಳಿಂದ ಗಾಳಿಯಾಡಿಸಿ ನೋಡಬೇಕು. ರೋಗ ನಿವಾರಣೆಗೆ ಶೇಕಡ 2ರ ಬ್ಲೀಚಿಂಗ್ ಪುಡಿಯ ದ್ರಾವಣ ಸಿಂಪಡಿಸುವುದು ರೂಢಿ. ಅದು ಒಳತಗಡಿಗೆ ತುಕ್ಕು ತರುತ್ತದೆ. ನಿಗದಿಯಾದ ಅವಧಿ ಮುಗಿದ ನಂತರ ತಗಡನ್ನೂ ಸ್ಕ್ರೂಗಳ ತುದಿಗಳನ್ನೂ ಶುದ್ಧ ನೀರಿನಿಂದ ತೊಳೆದು ಒಣಗಿಸಬೇಕು.

ವರ್ಷಕ್ಕೊಮ್ಮೆ, ಯುಗಾದಿಗೆ ಮುಂಚೆ, ಎರಡು ಬೆಳೆಗಳ ನಡುವಿನ ಬಿಡುವಿನಲ್ಲಿ ಚಾವಣಿಯನ್ನು ಪರೀಕ್ಷಿಸಬೇಕು. ಹಲಗೆ ಹಾಕಿಕೊಂಡು ಅದರ ಮೇಲೆ ನಡೆಯಬೇಕೇ ಹೊರತು ತಗಡಿನ ಮೇಲೆ ನೇರವಾಗಿ ಕಾಲಿಡಬಾರದು. ಜಾಲರಿಯ ಕಸ ತೆಗೆದು, ಬಿರುಕು ಬಿಟ್ಟ ವಾಷರ್‌ಗಳನ್ನು ಬದಲಾಯಿಸಬೇಕು. ಸಡಿಲವಾದ ಸ್ಕ್ರೂ ಕಂಡರೆ ಅದನ್ನೇ ಮತ್ತೆ ತಿರುಗಿಸಿ ಪ್ರಯೋಜನವಿಲ್ಲ; ಆ ತೂತಿಗೆ ಒಂದು ಗಾತ್ರ ದಪ್ಪನಾದ ಸ್ಕ್ರೂ ಹಾಕಿಸಬೇಕು.